ತೆನೆಹಬ್ಬದ ಊಟ: ಕಾರವಾರದ ಒಂದು ಸಣ್ಣ ಖಾನಾವಳಿ

ಸೆಪ್ಟೆಂಬರ್ 8, ಕನ್ಯಾಮರಿಯಮ್ಮನವರ ಜನ್ಮದಿನದಂದು, ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ, ದೇವರಿಗೆ ಕೃತಜ್ಞತೆ ಸಲ್ಲಿಸಿದ ಬಳಿಕವೇ ಉಣ್ಣುತ್ತಾರೆ. ಮನೆಯಿಂದ ದೂರವಿರುವವರಿಗಾಗಿ ಆ ಊಟವನ್ನು ಈ ಖಾನಾವಳಿ ಬಾಳೆಯೆಲೆಯಲ್ಲಿ ಬಡಿಸುತ್ತದೆ. ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು ಬಂಗುಡೆ ಮತ್ತೆ ಪೇಟೆಗೆ ಬರುವ ಕಾಲವಾದರೂ ಅಂದು ಇಲ್ಲಿ ಮೀನಿಲ್ಲ; ಸಂಪ್ರದಾಯದಂತೆ ತರಕಾರಿಯ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರುತ್ತವೆ. ಬೆಂಡೆ, ಹೀರೆ, ಅಲಸಂದೆ, ಕೆಸು, ಹೀಗೆ ಮಳೆಗಾಲದ ಹಿತ್ತಲು ಕೊಟ್ಟದ್ದೇ ಎಲೆಯ ಮೇಲಿರುತ್ತದೆ. ಅಂಬಟೆಕಾಯಿ ಹಾಕಿದ ಕೆಸುವಿನ ಪದಾರ್ಥವಂತೂ ತೆಂಗಿನಹಾಲಿನಲ್ಲಿ ಹದವಾಗಿ ಬೆಂದಿತ್ತು, ಗಂಟಲು ತುರಿಸಲಿಲ್ಲ. ಪಾಯಸ ಮಾತ್ರ ಅತಿಸಿಹಿ, ಹೊಸ ಭತ್ತದ ಪರಿಮಳ (ಅದಕ್ಕಾಗಿಯೇ ಅಲ್ಲವೇ ಈ ಊಟ!) ಬೆಲ್ಲದಲ್ಲಿ ಮುಳುಗಿಹೋಗಿತ್ತು. ಬಡಿಸುವ ಮೊದಲು ಮಾಲಕರು ಎದ್ದು ನಿಂತು, ಮಳೆಯನ್ನೂ ಮಣ್ಣನ್ನೂ ಬೆಳೆದವರ ಕೈಗಳನ್ನೂ ನೆನೆದು, ಅವನ್ನು ಕೊಟ್ಟ ದೇವರನ್ನು ಸ್ತುತಿಸಿ ಚಿಕ್ಕ ಪ್ರಾರ್ಥನೆ ಮಾಡುತ್ತಾರೆ. ಅನ್ಯಧರ್ಮೀಯರಿಗೂ ಅದು ಮುಜುಗರವೆನಿಸದು. ಮುಂಗಡವಾಗಿ ತಿಳಿಸದೆ ಹೋದರೆ ಎಲೆ ಸಿಗುವುದು ಕಷ್ಟ.