ಮುರಿದ ಇಂಪೆಲ್ಲರ್: ಕತ್ತರಿಸಿದೆ, ಹೊಸದು ತರಿಸಿದೆ, ಕೊನೆಗೆ ಬೆಸೆದೆ

ಮನೆಯಲ್ಲಿ ವೆಲ್ಡಿಂಗ್ ಸೆಟ್ ಇದ್ದರೆ ಹಿಮ ಎತ್ತಿ ಎಸೆಯುವ ಯಂತ್ರವಾದ ಸ್ನೋ ಬ್ಲೋವರಿನ ಮುರಿದ ಇಂಪೆಲ್ಲರನ್ನು (ಹಿಮವನ್ನು ಹೊರಗೆಸೆಯುವ ರೆಕ್ಕೆಚಕ್ರ) ಗುಜರಿಗೆ ಹಾಕಬೇಡಿ. ತಟ್ಟಿ ನೆಟ್ಟಗೆ ಮಾಡಿ, ಹೋದ ತುಂಡಿನ ಜಾಗಕ್ಕೆ ಹೊಸ ತುಂಡು ಬೆಸೆದು, ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಉರುಳಿಸಿ ತೂಕ ಸರಿಮಾಡಿಕೊಳ್ಳಿ. ಇಷ್ಟು ಹೇಳುವುದಕ್ಕೆ ನನಗೆ ಎರಡು ಚಳಿಗಾಲ ಬೇಕಾಯಿತು. ನಡುವೆ ಒಂದು ಹೊಸ ಇಂಪೆಲ್ಲರ್‌ಗೂ ದುಡ್ಡು ಸುರಿದೆ.

ಕಲ್ಲು ನಾನೇ ಇಟ್ಟಿದ್ದು. ಟಾರ್ಪಾಲು ಹಾರದಿರಲಿ ಅಂತ ಅಂಚಿಗೆ ಇಟ್ಟಿದ್ದೆ, ಮರೆತೆ, ಮೇಲೆ ಹಿಮ ಬಿತ್ತು. ಮುಂದಿನ ಆಗರ್ (ಹಿಮ ಒಳಗೆಳೆಯುವ ತಿರುಪು) ಅದನ್ನು ಪ್ರೀತಿಯಿಂದ ಒಳಗೆಳೆದುಕೊಂಡು, ಇಂಪೆಲ್ಲರ್ ತಿರುಗುವ ಹಿಂದಿನ ಡ್ರಮ್ಮಿಗೆ ದಾಟಿಸಿತು. ಢಣ್ ಅಂತ ಒಂದು ಸದ್ದು, ಆಮೇಲೆ ಹ್ಯಾಂಡಲ್ ಹಿಡಿದ ಕೈ ಮೊಣಕೈವರೆಗೆ ಜುಮ್ಮೆನ್ನುವ ನಡುಕ. ಹೊಡೆತಕ್ಕೆ ತಾವೇ ಮುರಿದು ಯಂತ್ರ ಉಳಿಸಬೇಕಾದ ಶಿಯರ್ ಪಿನ್‌ಗಳು ಮಾತ್ರ ಏನೂ ಆಗದವರ ಹಾಗೆ ಕೂತಿದ್ದವು. ಅವು ಕಾಯುವುದು ಆಗರನ್ನು, ಅದರ ಗೇರ್‌ಬಾಕ್ಸನ್ನು. ನನ್ನ ಯಂತ್ರದಲ್ಲಿ ಇಂಪೆಲ್ಲರಿಗೆ ಅಂಥ ಕಾವಲಿಲ್ಲ, ಅದರ ನಡುವಿನ ತೂತಿರುವ ಭಾಗದಿಂದ, ಅಂದರೆ ಹಬ್ಬಿನಿಂದ, ಶಾಫ್ಟಿಗೆ ಎರಡು ರೋಲ್ ಪಿನ್ (ಟೊಳ್ಳು ಉಕ್ಕಿನ ಪಿನ್) ಬಡಿದಿದ್ದಾರೆ ಅಷ್ಟೆ.

ನಾಲ್ಕು ರೆಕ್ಕೆಗಳಲ್ಲಿ ಒಂದರ ಮೂಲೆ ಹಾರಿಹೋಗಿತ್ತು, ಪಕ್ಕದ್ದು ಮಡಚಿತ್ತು. ಹೋದ ಮೂಲೆ 35 ಮಿ.ಮೀ. ಅಗಲ, 40 ಮಿ.ಮೀ. ಉದ್ದ, 4 ಮಿ.ಮೀ. ದಪ್ಪ, ಸುಮಾರು 44 ಗ್ರಾಂ ಉಕ್ಕು. ಇಷ್ಟಕ್ಕೆ ಅಷ್ಟೊಂದು ನಡುಕವೇ ಅಂತ ನನಗೂ ಅನ್ನಿಸಿತ್ತು. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದ ಮೇಲೆ ಬಾಯಿ ಮುಚ್ಚಿತು. ಇಂಪೆಲ್ಲರ್ ನಿಮಿಷಕ್ಕೆ ಸುಮಾರು 1000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಅಂಚಿನ 44 ಗ್ರಾಂ ವ್ಯತ್ಯಾಸ ಬೇರಿಂಗನ್ನು ಹೆಚ್ಚುಕಡಿಮೆ 7 ಕೆ.ಜಿ. ಬಲದಲ್ಲಿ ಜಗ್ಗುತ್ತದೆ, ಅದೂ ಸೆಕೆಂಡಿಗೆ ಹದಿನಾರು ಹದಿನೇಳು ಸಲ ಸುತ್ತಲೂ ದಿಕ್ಕು ಬದಲಿಸುತ್ತಾ. ವೇಗ ಅರ್ಧಕ್ಕಿಳಿಸಿದರೆ ಎಳೆತ ಕಾಲುಭಾಗ. ಹಾಗಾಗಿ ಇಂಜಿನ್ ಮೆಲ್ಲಗೆ ಓಡಿಸಿ "ಪರವಾಗಿಲ್ಲ, ನಡುಗುತ್ತಿಲ್ಲ" ಅಂದುಕೊಂಡರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಮೊದಲು ಹಿಡಿದದ್ದು ಸೋಮಾರಿಯ ದಾರಿ, ಕತ್ತರಿಸುವುದು. ಒಂದು ರೆಕ್ಕೆಯ ಮೂಲೆ ಹೋಯಿತಲ್ಲ, ಎದುರು ರೆಕ್ಕೆಯದ್ದನ್ನೂ ಅಷ್ಟೇ ಕತ್ತರಿಸಿಬಿಡು, ಲೆಕ್ಕ ಚುಕ್ತಾ. ಮಡಚಿದ್ದನ್ನು ಇಕ್ಕಳದಲ್ಲಿ ತಿರುವಿ ಹೇಗೋ ನೇರ ಮಾಡಿದೆ. ಇಂಪೆಲ್ಲರ್ ಬಿಚ್ಚುವ ಗೋಳಿಲ್ಲ, ಸ್ಪಾರ್ಕ್ ಪ್ಲಗ್ಗಿನ ವಯರ್ ಕಿತ್ತಿಟ್ಟು ಆಂಗಲ್ ಗ್ರೈಂಡರ್ ತೂರಿಸಿದರೆ ಅರ್ಧ ಗಂಟೆಯ ಕೆಲಸ. ನಡುಕ ನಿಜಕ್ಕೂ ಇಳಿಯಿತು. (ಮೂರು ರೆಕ್ಕೆಯದ್ದಾದರೆ ಎದುರು ರೆಕ್ಕೆ ಅನ್ನುವುದೇ ಇರುವುದಿಲ್ಲ, ಮೂರನ್ನೂ ಕತ್ತರಿಸಬೇಕು.) ಪುಡಿ ಹಿಮವನ್ನೇನೋ ಮೊದಲಿನ ಹಾಗೇ ಎಸೆಯಿತು. ಒದ್ದೆ ಹಿಮ ಬಿದ್ದ ದಿನ ಬಣ್ಣ ಬಯಲಾಯಿತು. ರೆಕ್ಕೆಯ ತುದಿಗೂ ಡ್ರಮ್ಮಿಗೂ ನಡುವೆ ಸಂದು ದೊಡ್ಡದಾದರೆ ನೀರು ಕುಡಿದ ಹಿಮ ಅಲ್ಲೇ ನುಣುಚಿಕೊಳ್ಳುತ್ತದೆ, ಮೇಲೆ ಏರುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಚೂಟ್ (ಹಿಮ ಹೊರಬೀಳುವ ಕೊಳವೆ) ಕಟ್ಟಿಕೊಳ್ಳುವುದು, ಇಂಜಿನ್ ಆರಿಸುವುದು, ಕೋಲಿನಿಂದ ಕೆರೆಯುವುದು. ಹಳೇ ಕನ್ವೇಯರ್ ಬೆಲ್ಟಿನ ರಬ್ಬರ್ ಪಟ್ಟಿಗಳನ್ನು ಒಂದೇ ತೂಕಕ್ಕೆ ಕತ್ತರಿಸಿ, ಬೋಲ್ಟನ್ನೂ ತೂಗಿ, ನಾಲ್ಕೂ ರೆಕ್ಕೆಗೆ ಬಿಗಿದೆ. ಎಸೆತ ಸುಧಾರಿಸಿತು. ರಸ್ತೆ ಬದಿಯ ಗಟ್ಟಿ ಹಿಮಗಡ್ಡೆಗೆ ಎರಡು ಪಟ್ಟಿ ಹರಿದುಹೋದವು.

ಎರಡನೆಯದು ಹೊಸ ಇಂಪೆಲ್ಲರ್. ಚಿತ್ರದಲ್ಲಿ ಥೇಟ್ ನನ್ನದರ ಹಾಗೇ ಇತ್ತು. ಬಂದದ್ದರ ಪಿನ್ ತೂತುಗಳು ಶಾಫ್ಟಿನ ತೂತಿಗೆ 2 ಮಿ.ಮೀ. ಆಚೆ. ಮಾರಿದವರನ್ನು ಕೇಳಿದರೆ, ವಾಪಸ್ ಕಳಿಸಿ, ಸಾಗಣೆ ಖರ್ಚು ನಿಮ್ಮದು ಅಂದರು. ಭಾರದ ಕಬ್ಬಿಣ, ಬೇಡವೇ ಬೇಡ ಅಂತ ನಾನೇ ಹೊಸ ತೂತು ಕೊರೆದು ಕೂರಿಸಿದೆ. ಅಳತೆ ಮಾಡಿ ನೋಡಿದರೆ ರೆಕ್ಕೆ 3 ಮಿ.ಮೀ. ತಗಡು. ಅರ್ಧ ಚಳಿಗಾಲ ದಾಟುವಷ್ಟರಲ್ಲಿ ಒಂದು ರೆಕ್ಕೆ ಬಾಗಿ ಡ್ರಮ್ಮನ್ನು ಕೆರೆಯತೊಡಗಿತು. ಬಿಚ್ಚಿ, ಬಾಗಿದ್ದನ್ನು ಎತ್ತಿ, ಪಟ್ಟಿಗಳ ಮೇಲಿಟ್ಟು ನೋಡಿದೆ: ಅಂಚಿನಲ್ಲಿ 17 ಗ್ರಾಂ ಏರುಪೇರು. ಒಂದಿಷ್ಟು ಬಾಗಿದ್ದರಿಂದ ಬಂದಿರಬಹುದು, ಪೂರ್ತಿ ಅಂತೂ ಅಲ್ಲ. ಹೊಸದು ಅಂದಮಾತ್ರಕ್ಕೆ ತೂಕ ಸರಿಯಿರುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಹೋಯಿತು.

ಮೂರನೆಯದು ನನ್ನ ಹಳೇ ಇಂಪೆಲ್ಲರ್. ಶೆಡ್ಡಿನ ಮೂಲೆಯಿಂದ ಎತ್ತಿಕೊಂಡೆ. ಕತ್ತರಿಸಿದ ಎರಡೂ ಮೂಲೆಗಳಿಗೆ ಅದೇ ದಪ್ಪದ ಮೃದು ಉಕ್ಕಿನ ತುಂಡು ಕತ್ತರಿಸಿ, ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಎರಡೂ ಕಡೆ ಟ್ಯಾಕ್ (ಹಿಡಿತಕ್ಕೆ ಚುಕ್ಕಿ ಬೆಸುಗೆ) ಹಾಕಿ, ಆಮೇಲೆ ಬೆಸೆದೆ. ಒಂದೇ ಕಡೆಯಿಂದ ಎಳೆದರೆ ರೆಕ್ಕೆ ಆ ಕಡೆಗೇ ಸೊಟ್ಟಗಾಗುತ್ತದೆ. ಮಡಚಿದ ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅದರ ತುದಿಗೆ 3 ಮಿ.ಮೀ. ತೂತು ಕೊರೆದು, ಬಿರುಕನ್ನು ತೋಡಿನಂತೆ ಕೆರೆದು ಬೆಸುಗೆ ತುಂಬಿಸಿದೆ. ತೂತಿಲ್ಲದೆ ಬರಿ ಮೇಲೆ ಬೆಸೆದರೆ ಬಿರುಕು ಒಳಗೊಳಗೇ ಮುಂದಕ್ಕೆ ಓಡುತ್ತದೆ. ನೆಟ್ಟಗೆ ಮಾಡುವಾಗ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ತಟ್ಟಿದೆ, ನೀರಿಗೆ ಅದ್ದದೆ ತಾನಾಗಿ ಆರಲು ಬಿಟ್ಟೆ. ಇದನ್ನೆಲ್ಲ ಇಂಪೆಲ್ಲರ್ ಯಂತ್ರದಲ್ಲಿದ್ದಾಗಲೇ ಮಾಡುವ ಆಸೆಗೆ ಬೀಳಬೇಡಿ, ವೆಲ್ಡಿಂಗಿನ ಕರೆಂಟು ಬೇರಿಂಗಿನ ಮೂಲಕ ಹಾದರೆ ಅದರ ಗೋಲಿಗಳ ಮೇಲೆ ಗುಳಿ ಬೀಳುತ್ತದೆ.

ತೂಕಕ್ಕೆ ಮೊದಲು ಅಳತೆ. ಒಂದು ತಂತಿಯನ್ನು ಸೂಜಿಯ ಹಾಗೆ ನಿಲ್ಲಿಸಿ ನಾಲ್ಕೂ ತುದಿಗಳನ್ನು ಅದರ ಮುಂದೆ ಹಾಯಿಸಿದೆ. ಒಂದು ರೆಕ್ಕೆ 2 ಮಿ.ಮೀ. ಉದ್ದವಿತ್ತು, ಉಜ್ಜಿದೆ.

ಇನ್ನು ಬ್ಯಾಲೆನ್ಸ್ ಮಾಡುವ ಬಗೆ. ಅದರಲ್ಲೂ ಮೂರು ನೋಡಿದೆ. ಯಂತ್ರದಲ್ಲಿದ್ದಾಗಲೇ ಕೈಯಿಂದ ತಿರುಗಿಸಿ ಭಾರದ ಕಡೆ ಕೆಳಗೆ ಬರಲಿ ಅಂತ ಕಾಯುವುದು ಮೊದಲನೆಯದು. ಕಾದೆ, ಬರಲಿಲ್ಲ. ಬೆಲ್ಟು ತೆಗೆದರೂ ಶಾಫ್ಟಿನ ಮುಂದಿನ ತುದಿ ಗೇರ್‌ಬಾಕ್ಸಿನ ತಿರುಪಿನಂಥ ಗೇರಾದ ವರ್ಮ್‌ಗೆ ಕೂಡಿಕೊಂಡಿದೆ, ಹಿಂದೆ ಬೇರಿಂಗಿನ ಸೀಲ್ ಹಿಡಿಯುತ್ತದೆ. ಅಂಚಿಗೆ 60 ಗ್ರಾಂ ಅಯಸ್ಕಾಂತ ಅಂಟಿಸಿದರೂ ಅಲುಗಲಿಲ್ಲ. ಎರಡನೆಯದು ಹಬ್ಬಿನ ನಡುವಿನಿಂದ ದಾರ ಕಟ್ಟಿ ಅಡ್ಡಡ್ಡ ತೂಗುಹಾಕಿ, ಮೇಲೆ ರಸಮಟ್ಟ ಇಟ್ಟು ನೋಡುವುದು. ನೋಡಲು ಚೆಂದ. ಆದರೆ ನನ್ನ ಇಂಪೆಲ್ಲರಿನ ತೂಕ 4 ಕೆ.ಜಿ.; ದಾರದ ಗಂಟು ನಡುವಿನಿಂದ 1 ಮಿ.ಮೀ. ಆಚೀಚೆ ಆದರೂ 150 ಮಿ.ಮೀ. ದೂರದ ಅಂಚಿನಲ್ಲಿ 27 ಗ್ರಾಂ ವ್ಯತ್ಯಾಸ ಇದ್ದ ಹಾಗೆ ವಾಲುತ್ತದೆ. ಒಂದು ಮಿ.ಮೀ. ತಪ್ಪದ ಗಂಟು ಕಟ್ಟುವ ಕೈ ನನ್ನದಲ್ಲ.

ಮೂರನೆಯದೇ ಪಟ್ಟಿ. ಎರಡು ಆಂಗಲ್ ತುಂಡುಗಳನ್ನು ಅಂಚು ಮೇಲಾಗಿ ಬೆಂಚಿಗೆ ಬಿಗಿದು, ಅಂಚನ್ನು ಅರದಿಂದ ನಯ ಮಾಡಿ, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಹಿಡಿದೆ. ಹಬ್ಬಿನೊಳಗೆ ಒಂದು ರಾಡ್ ತೂರಿಸಿ ಪಟ್ಟಿಗಳ ಮೇಲಿಟ್ಟರೆ ಭಾರದ ಕಡೆ ತಾನಾಗಿ ಕೆಳಗೆ ಉರುಳುತ್ತದೆ. 3 ಗ್ರಾಮಿನ ಅಯಸ್ಕಾಂತಕ್ಕೂ ಮೆಲ್ಲಗೆ ಹೊರಳುತ್ತಿತ್ತು. ಎಲ್ಲಿಂದ ಬಿಟ್ಟರೂ ಒಂದೇ ರೆಕ್ಕೆ ಕೆಳಗೆ ಬಂದರೆ ದೋಷ ಇಂಪೆಲ್ಲರಿನದು. ಎಲ್ಲಿಂದ ಬಿಟ್ಟರೂ ಒಂದೇ ದಿಕ್ಕಿಗೆ ಓಡಿದರೆ ಪಟ್ಟಿ ಮಟ್ಟಸವಿಲ್ಲ.

ಎಷ್ಟಕ್ಕೆ ನಿಲ್ಲಿಸಬೇಕು? ಐಎಸ್‌ಒ 21940-11 ಎಂಬ ಮಾನಕದಲ್ಲಿ ಕೃಷಿ ಯಂತ್ರಗಳಿಗೆ ಜಿ 16, ಫ್ಯಾನುಗಳಿಗೆ ಜಿ 6.3 ಅಂತ, ಎಷ್ಟು ಏರುಪೇರು ಉಳಿಯಬಹುದು ಎಂದು ಹೇಳುವ ದರ್ಜೆಗಳಿವೆ. ನನ್ನ 4 ಕೆ.ಜಿ.ಗೆ, 1000 ಸುತ್ತಿಗೆ ಲೆಕ್ಕ ಹಾಕಿದರೆ ಮೊದಲನೆಯದು ಅಂಚಿನಲ್ಲಿ ಸುಮಾರು 4 ಗ್ರಾಂ, ಎರಡನೆಯದು ಒಂದೂವರೆ ಗ್ರಾಮಿನ ಸುತ್ತಮುತ್ತ. ಹಿಮ ಗುಡಿಸುವ ಯಂತ್ರಕ್ಕೆ 4 ಸಾಕು ಅಂದುಕೊಂಡೆ.

ಅಂದುಕೊಂಡದ್ದು ಸುಲಭ. ನನ್ನ ಬಳಿ ಇದ್ದದ್ದು 18 ಮಿ.ಮೀ. ರಾಡ್, ಹಬ್ಬಿನ ತೂತು 19. ಒಂದೇ ಒಂದು ಮಿ.ಮೀ., ಟೇಪ್ ಸುತ್ತಿದರಾಯಿತು ಅಂತ ಸುತ್ತಿ ತೂರಿಸಿದೆ. ಮೊದಲ ಸಂಜೆ ಒಂದನೇ ರೆಕ್ಕೆ 10 ಗ್ರಾಂ ಭಾರ ಅಂತ ತೋರಿಸಿತು. 4 ಮಿ.ಮೀ. ತಗಡಿನಲ್ಲಿ 10 ಮಿ.ಮೀ. ಡ್ರಿಲ್ಲಿನ ಒಂದು ತೂತು ಎರಡೂವರೆ ಗ್ರಾಂ ತೆಗೆಯುತ್ತದೆ. ರಾಡ್ ಕಿತ್ತು, ನಾಲ್ಕು ತೂತು ಕೊರೆದು, ಮನೆಯೊಳಗೆ ಹೋಗಿ ಹೆಮ್ಮೆಯಿಂದ ಊಟ ಮಾಡಿದೆ.

ಎರಡನೇ ಸಂಜೆ ಖಾತ್ರಿ ಮಾಡಿಕೊಳ್ಳೋಣ ಅಂತ ಮತ್ತೆ ರಾಡ್ ತೂರಿಸಿದರೆ, ಎದುರಿನ ಮೂರನೇ ರೆಕ್ಕೆ 14 ಗ್ರಾಂ ಭಾರ! ನಿನ್ನೆ ಹೆಚ್ಚು ಕೊರೆದೆನೇನೋ ಅಂತ ಇವತ್ತು ಅಲ್ಲಿ ಆರು ತೂತು ಹಾಕಿದೆ. ಮೂರನೇ ಸಂಜೆ ಮತ್ತೆ ಒಂದನೇ ರೆಕ್ಕೆಗೆ 14. ಕೈಯಲ್ಲಿದ್ದದ್ದು ಇಂಪೆಲ್ಲರೋ ಜರಡಿಯೋ ಗೊತ್ತಾಗುತ್ತಿರಲಿಲ್ಲ. ಪಟ್ಟಿ ಸರಿಯಿಲ್ಲ ಅಂತ ರಸಮಟ್ಟ ತಿರುಗಿಸಿ ತಿರುಗಿಸಿ ನೋಡಿದೆ. ಅರ ತಂದು ಅಂಚು ಮತ್ತೆ ಉಜ್ಜಿದೆ. ಹೊಸ ಇಂಪೆಲ್ಲರನ್ನು ಕೂರಿಸಿ ಸುಮ್ಮನಿದ್ದುಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದೂ ನಿಜ.

ರಾಡ್ ಹೊರಗೆಳೆದಾಗ ಟೇಪ್ ಕಣ್ಣಿಗೆ ಬಿತ್ತು. ಒಂದು ಕಡೆ ಸುಕ್ಕುಗಟ್ಟಿ ದಪ್ಪ, ಇನ್ನೊಂದು ಕಡೆ ಒತ್ತಿಹೋಗಿ ತೆಳ್ಳಗೆ. ಹಾಗಾಗಿ ರಾಡ್ ಹಬ್ಬಿನ ನಡುವೆ ಇರಲೇ ಇಲ್ಲ. ಕಾಲು ಮಿ.ಮೀ. ಸರಿದಿದ್ದರೆ ಸಾಕು, 4 ಕೆ.ಜಿ.ಗೆ ಅಂಚಿನಲ್ಲಿ ಸುಮಾರು 7 ಗ್ರಾಂ ಸುಳ್ಳು ಭಾರ ಹುಟ್ಟುತ್ತದೆ. ಪ್ರತಿ ಸಂಜೆ ರಾಡನ್ನು ಬೇರೆ ಬೇರೆ ಮುಖ ಮಾಡಿ ತೂರಿಸುತ್ತಿದ್ದೆ, ಸುಳ್ಳೂ ತಿರುಗುತ್ತಿತ್ತು. ಎರಡು ಸಂಜೆ ನಾನು ಕೊರೆದದ್ದು ಟೇಪಿನ ಸುಕ್ಕನ್ನು.

ಇದಕ್ಕೊಂದು ಹಳೇ ಉಪಾಯವಿದೆ. ರಾಡಿಗೂ ಹಬ್ಬಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದು ಸಲ ನೋಡುವುದು. ಆಮೇಲೆ ರಾಡನ್ನು ಹಬ್ಬಿನೊಳಗೆ ಸರಿಯಾಗಿ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡುವುದು. ನನಗೆ ಒಮ್ಮೆ ಒಂದನೇ ರೆಕ್ಕೆಗೆ 14 ಬಂತು, ಇನ್ನೊಮ್ಮೆ ಸೊನ್ನೆ. ಸರಾಸರಿ 7, ಅದು ಇಂಪೆಲ್ಲರಿನ ನಿಜವಾದ ದೋಷ. ಉಳಿದ 7 ರಾಡಿನ ಕಾಣಿಕೆ. ಇನ್ನು ಕೊರೆಯಲು ಧೈರ್ಯವಾಗದೆ ಮೂರನೇ ರೆಕ್ಕೆಗೆ 10 ಮಿ.ಮೀ. ಬೋಲ್ಟಿನ ಎರಡು ವಾಷರ್ ಬೆಸೆದೆ, ಎರಡೂ ಸೇರಿ 7 ಗ್ರಾಂ ಚಿಲ್ಲರೆ. ವಾಷರಿನ ಸತುವಿನ ಲೇಪ ಮೊದಲು ಉಜ್ಜಿ ತೆಗೆದೆ, ಅದರ ಹೊಗೆ ಕುಡಿದರೆ ರಾತ್ರಿ ಜ್ವರ ಗ್ಯಾರಂಟಿ. ಹಗುರದ ಜಾಗ ಎರಡು ರೆಕ್ಕೆಗಳ ನಟ್ಟನಡುವೆ ಬಂದರೆ ಬೇಕಾದ ತೂಕದ 0.7 ಪಾಲನ್ನು ಎರಡಕ್ಕೂ ಹಾಕಬೇಕು, ಅರ್ಧರ್ಧ ಹಾಕಿದರೆ ಸಾಲದು. ಕೊನೆಗೆ 19 ಮಿ.ಮೀ. ಹೊಳಪು ರಾಡ್ ತಂದು, ಎಣ್ಣೆ ಸವರಿ ತೂರಿಸಿ ಪರೀಕ್ಷಿಸಿದೆ. 3 ಗ್ರಾಮಿಗಿಂತ ಕಡಿಮೆ. ಆ ರಾಡನ್ನು ಮೊದಲೇ ತಂದಿದ್ದರೆ ಈ ನಾಲ್ಕು ಪ್ಯಾರಾ ಬರೆಯುವ ಕೆಲಸವಿರುತ್ತಿರಲಿಲ್ಲ.

ಪಟ್ಟಿಯ ಮೇಲೆ ನಿಂತ ತೂಕ ತಿರುಗುವಾಗಲೂ ನಿಲ್ಲುತ್ತದೆಯೇ ಅಂತ ಕೇಳುವವರಿದ್ದಾರೆ. ಉದ್ದನೆಯ ರೋಲರಿಗಾದರೆ ಸಾಲದು, ಎರಡು ತುದಿಗಳನ್ನೂ ಬೇರೆ ಬೇರೆ ನೋಡಬೇಕು. ತಟ್ಟೆಯಂತೆ ಚಪ್ಪಟೆಯಾದ, ಈ ವೇಗದ ಇಂಪೆಲ್ಲರಿಗೆ ಸಾಕು.

ಬಿಚ್ಚುವಾಗ ರೋಲ್ ಪಿನ್ ತುಕ್ಕು ಹಿಡಿದು ಕೂತಿರುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಹಿಂದಿನ ಬೇರಿಂಗ್ ಕೈಯಲ್ಲಿ ಅಲುಗಾಡಿದರೆ ಆಗಲೇ ಬದಲಿಸಿ. ಜೋಡಿಸಿ ಮೊದಲ ಸಲ ಓಡಿಸುವಾಗ ಆಗರಿನ ಮುಂದೆ, ಚೂಟಿನ ನೇರಕ್ಕೆ ಯಾರೂ ಇರಬಾರದು. ನಾನು ಹಿಡಿಯ ಹಿಂದೆ ನಿಂತು ನಿಧಾನವಾಗಿ ವೇಗ ಏರಿಸಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ನಟ್ಟು ಇಟ್ಟಿದ್ದೆ. ಕಲ್ಲು ಹೊಡೆದ ದಿನ ಅಲ್ಲಿ ಏನನ್ನೂ ಇಡಲಾಗುತ್ತಿರಲಿಲ್ಲ. ಪೂರ್ತಿ ವೇಗಕ್ಕೂ ಆ ನಟ್ಟು ಬೀಳಲಿಲ್ಲ.

ನನಗೆ ಸಂಜೆ ಶೆಡ್ಡಿನಲ್ಲಿ ಕಳೆಯುವುದು ಶಿಕ್ಷೆಯಲ್ಲ, ವೆಲ್ಡಿಂಗ್ ಸೆಟ್ ಮೊದಲೇ ಇತ್ತು, ಕೈ ಬಿಗಿ ಬೇರೆ. ಹಾಗಾಗಿ ಬೆಸೆದದ್ದೇ ನನ್ನ ಆಯ್ಕೆ. ರಾಡ್, ವಾಷರ್, ವೆಲ್ಡಿಂಗ್ ಕಡ್ಡಿ ಎಲ್ಲ ಸೇರಿದರೂ ಹೊಸ ಇಂಪೆಲ್ಲರಿನ ಹತ್ತರಲ್ಲೊಂದು ಪಾಲು ಖರ್ಚಾಗಲಿಲ್ಲ. ವೆಲ್ಡಿಂಗ್ ಬಾರದವರು ಹೊಸದನ್ನೇ ತನ್ನಿ, ಆದರೆ ರೆಕ್ಕೆಯ ದಪ್ಪ ಕೇಳಿ ತನ್ನಿ, ಕೂರಿಸುವ ಮುಂಚೆ ಪಟ್ಟಿಯ ಮೇಲೆ ಒಮ್ಮೆ ಉರುಳಿಸಿ. ರೆಕ್ಕೆಯಲ್ಲದೆ ಹಬ್ಬಿನಲ್ಲೇ ಬಿರುಕು ಬಿಟ್ಟಿದ್ದರೆ ನಾನೂ ಬೆಸೆಯುವುದಿಲ್ಲ. ಕತ್ತರಿಸುವ ದಾರಿ, ಚಳಿಗಾಲದ ನಡುವೆ ಎರಡು ವಾರ ತಳ್ಳುವುದಕ್ಕೆ ಸರಿ.

ಜರಡಿ ರೆಕ್ಕೆಯ ಇಂಪೆಲ್ಲರ್ ಒಂದು ಚಳಿಗಾಲ ಪೂರ್ತಿ ಓಡಿದೆ. ಹೊಸದು ಶೆಡ್ಡಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಮೇಲೆ ಸೀಮೆಸುಣ್ಣದಲ್ಲಿ "17 ಗ್ರಾಂ" ಅಂತ ಬರೆದಿದ್ದೇನೆ. ಟಾರ್ಪಾಲಿಗೆ ಈಗ ಕಲ್ಲಿಲ್ಲ, ಹಗ್ಗ ಕಟ್ಟಿದ್ದೇನೆ.