ಮಲ್ಪೆಯ ಉಪ್ಪುಗಾಳಿಯಲ್ಲಿ ಆರ್‌ಎಕ್ಸ್ 6600: ಕೆಲವು ಮಳೆಗಾಲಗಳ ಬಳಿಕ

ಎಎಂಡಿ ಕಂಪನಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಬಗ್ಗೆ ವಿಮರ್ಶೆಗಳಿಗೆ ಬರವಿಲ್ಲ. ಹೆಚ್ಚಿನವು ತಂಪು ಕೋಣೆಯಲ್ಲಿ ನಾಲ್ಕು ದಿನ ಅಳೆದು ಅಂಕ ಕೊಟ್ಟಂಥವು. ಮಲ್ಪೆಯಲ್ಲಿ ಕಿಟಕಿಯ ಸರಳುಗಳೇ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ಇಲ್ಲಿ ಕಾರ್ಡೊಂದು ವರ್ಷಗಟ್ಟಲೆ ಹೇಗೆ ಬಾಳುತ್ತದೆ ಎಂಬುದನ್ನು ಯಾರೂ ಬರೆದದ್ದು ಕಾಣೆ.

ಮೊದಲು ಕಾರ್ಡಿನ ಯೋಗ್ಯತೆ. 2021ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದದ್ದು, 8 ಜಿಬಿ ಮೆಮೊರಿ, 132 ವ್ಯಾಟ್. 1080ಪಿ ಪರದೆಗೆ ಇಂದಿಗೂ ಸಾಕು. ಹೊಸ ಆಟಗಳಲ್ಲಿ ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಬೇಕು. ಬೆಳಕು-ನೆರಳನ್ನು ನೈಜವಾಗಿ ತೋರಿಸುವ ರೇ ಟ್ರೇಸಿಂಗ್ ಆಸೆಯಿದ್ದವರು ಬೇರೆ ಕಾರ್ಡ್ ನೋಡಲಿ. ಮದರ್‌ಬೋರ್ಡಿನೊಡನೆ ಮಾಹಿತಿ ಸಾಗುವ ಪಿಸಿಐಇ ಲೇನ್‌ಗಳಲ್ಲಿ ಎಂಟನ್ನೇ ಬಳಸುವುದರಿಂದ ಹಳೆಯ ಪಿಸಿಐಇ 3.0 ಬೋರ್ಡಿನಲ್ಲಿ ಕೆಲವು ಆಟಗಳ ವೇಗ ತುಸು ಕುಗ್ಗುತ್ತದೆ.

‘ಒಂದೇ ಕ್ಲಿಕ್ಕಿಗೆ ವೇಗ’ ಎನ್ನುವ ಸಾಫ್ಟ್‌ವೇರ್‌ಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ. ಫಲ ಕೊಟ್ಟದ್ದು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಇರುವ ಎರಡು ಆಯ್ಕೆಗಳು: ಮೆಮೊರಿಯನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಮತ್ತು ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ಒಮ್ಮೆಗೇ ತೆರೆದುಕೊಡುವ ರೀಸೈಜಬಲ್ ಬಾರ್. ಡಿಡಿಆರ್4 ರ‍್ಯಾಮಿನ ಪೆಟ್ಟಿಗೆಯ ಮೇಲೆ 3200 ಎಂದಿದ್ದರೂ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅದು ಸಾಮಾನ್ಯವಾಗಿ 2133 ಅಥವಾ 2666ರಲ್ಲೇ ತೆವಳುತ್ತಿರುತ್ತದೆ. ಜೋಡಿಸಿಕೊಟ್ಟ ಅಂಗಡಿಯವರು ಇದನ್ನು ಮುಟ್ಟಿಯೇ ಇರಲಿಲ್ಲ. ಅದೂ ಎರಡು 8 ಜಿಬಿ ಪಟ್ಟಿಗಳಿರಲಿ, 16ರದ್ದು ಒಂದೇ ಬೇಡ.

ಬಿಸಿ ತಗ್ಗಲೆಂದು ಕಾರ್ಡಿನ ವೋಲ್ಟೇಜನ್ನು ಹಂತಹಂತವಾಗಿ ಇಳಿಸಿ, ಆಟ ಕುಸಿಯದ ಮಟ್ಟದಲ್ಲಿ ನಿಲ್ಲಿಸಿದ್ದೇನೆ. ಪರದೆ 75 ಹರ್ಟ್ಸ್‌ನದ್ದು, ಆದ್ದರಿಂದ ಸೆಕೆಂಡಿಗೆ ಕಾರ್ಡ್ ಬಿಡಿಸುವ ಫ್ರೇಮ್‌ಗಳ ಮಿತಿಯೂ 75. ಏಪ್ರಿಲ್‌ನ ಸೆಕೆಯಲ್ಲಿ ಫ್ಯಾನಿನ ಗದ್ದಲ ಇಳಿದದ್ದು ಕಿವಿಗೇ ಗೊತ್ತಾಯಿತು.

ನಿಜವಾದ ಪರೀಕ್ಷೆ ಜೂನ್‌ನಿಂದ. ಇಲ್ಲಿಯ ಧೂಳು ಒಣಧೂಳಲ್ಲ. ಅದರಲ್ಲಿ ಉಪ್ಪಿದೆ, ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ. ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಅದು ಆರಿದ ಗಂಜಿಯಂತೆ ಕಚ್ಚಿ ಕೂರುತ್ತದೆ. ಬರೀ ಗಾಳಿ ಊದಿದರೆ ಹೋಗುವುದಿಲ್ಲ. ಮೆತ್ತನೆಯ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಇದನ್ನು ಮಾಡುತ್ತೇನೆ. ಎಎಂ4 ಸಾಕೆಟ್ಟಿನ ರೈಜೆನ್ ಪ್ರೊಸೆಸರಿನ ಕೂಲರ್ ಬಿಚ್ಚುವವರಿಗೆ ಒಂದು ಮಾತು: ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಕೂಲರ್-ಪ್ರೊಸೆಸರ್ ನಡುವಿನ ಥರ್ಮಲ್ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ ಪ್ಲಗ್ ಕೀಳಿ, ಕೂಲರನ್ನು ಮೆಲ್ಲಗೆ ತಿರುಚಿ ಬಿಡಿಸಿ. ನೇರ ಎಳೆದರೆ ಪ್ರೊಸೆಸರೇ ಪಿನ್ನುಗಳ ಸಮೇತ ಕಿತ್ತು ಬರಬಹುದು.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆಡಲು ಮನಸ್ಸಿಲ್ಲದಿದ್ದರೂ ದಿನಕ್ಕೊಮ್ಮೆ ಆನ್ ಮಾಡುತ್ತೇನೆ; ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ. ಇಷ್ಟಾದರೂ ಕಾರ್ಡಿನ ಬ್ರಾಕೆಟ್ ಮತ್ತು ಸ್ಕ್ರೂಗಳಿಗೆ ತುಕ್ಕು ಬಂದಿದೆ, ಚಿಪ್ ಮಾತ್ರ ಗಟ್ಟಿಯಾಗಿದೆ. ಬಳಸಿದ ಕಾರ್ಡ್ ಕೊಳ್ಳುವವರು ಮೊದಲು ಆ ಸ್ಕ್ರೂಗಳನ್ನೇ ನೋಡಬೇಕು. ಹಲ್ಲಿ ಮತ್ತು ಇರುವೆಗಳಿಗೆ ಕ್ಯಾಬಿನೆಟ್‌ನ ಬೆಚ್ಚನೆಯ ಮೂಲೆ ಬಲು ಪ್ರಿಯ. ಖಾಲಿ ಸ್ಲಾಟ್‌ಗಳಿಗೆ ಮುಚ್ಚಳ ಹಾಕಿಸಿ.

ಗುಡುಗು ಕೇಳಿಸಿದರೆ ಪ್ಲಗ್ ಮಾತ್ರವಲ್ಲ, ಲ್ಯಾನ್ ಕೇಬಲನ್ನೂ ಕೀಳುತ್ತೇನೆ. ಕಾರ್ಡ್ ಬದಲಿಸುವ ಯೋಚನೆ ಸದ್ಯಕ್ಕಿಲ್ಲ. ಹಣ ಕೈಗೆ ಬಂದರೆ ಮೊದಲು ಯುಪಿಎಸ್‌ಗೆ ಹೊಸ ಬ್ಯಾಟರಿ ಬರಬೇಕು.