‘ಉಚಿತ ಪಾದ ತಪಾಸಣೆ’ ಎಂಬ ಫ್ಲೆಕ್ಸ್ ಕಂಡರೆ ದುಡ್ಡಿನ ಚೀಲ ಮನೆಯಲ್ಲೇ ಬಿಟ್ಟು ಹೋಗಿ

ಮೊನ್ನೆ ಯಲ್ಲಾಪುರ ಕಡೆ ಒಂದು ಉಪನಯನದ ಅಡಿಗೆಗೆ ಹೋಗಿದ್ದೆ. ದಾರಿಯಲ್ಲಿ ಒಂದು ಫ್ಲೆಕ್ಸ್ ಕಂಡಿತು. ‘ಉಚಿತ ಪಾದ ತಪಾಸಣಾ ಶಿಬಿರ. ಹಿಮ್ಮಡಿ ನೋವು, ಮಂಡಿ ನೋವು, ಸೊಂಟ ನೋವು, ಶುಗರ್, ಎಲ್ಲಕ್ಕೂ ಪಾದದಲ್ಲೇ ಪರಿಹಾರ. ಮೂರೇ ದಿನ.’ ಹೆಸರು ಬೇರೆ ಇತ್ತು. ಆದರೆ ಆ ಕೆಂಪು ಪಾದದ ಚಿತ್ರ ಅದೇ, ಮಾತೂ ಅದೇ. ಶಿರಸಿಯಲ್ಲಿ ಇಂಥದ್ದೇ ಒಂದು ಶಿಬಿರಕ್ಕೆ ಹೋಗಿ ನಾನು 9,300 ರೂಪಾಯಿ ಕಳೆದುಕೊಂಡವನು. ದುಡ್ಡಿಗಿಂತ ಜಾಸ್ತಿ ಉರಿಯುವ ವಿಷಯ ಇನ್ನೊಂದಿದೆ. ಮುಂದೆ ಹೇಳುತ್ತೇನೆ.

ನಾನು ಮದುವೆ, ಮುಂಜಿಗಳ ಅಡಿಗೆ ಮಾಡುವವನು. ಇಪ್ಪತ್ತು ವರ್ಷದ ಮೇಲಾಯಿತು. ಶಿರಸಿ, ಸಿದ್ದಾಪುರ ಕಡೆ ಹೆಚ್ಚು. ಒಮ್ಮೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರಕ್ಕೂ ಹೋಗುತ್ತೇನೆ. ಬೆಳಗಿನ ಜಾವ ಮೂರಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನ ಕೊನೇ ಪಂಕ್ತಿ ಏಳುವ ತನಕ ನಿಂತೇ ಇರಬೇಕು. ಅದೂ ಬರಿಗಾಲಲ್ಲಿ. ನಮ್ಮ ಕಡೆ ಅಡಿಗೆಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಮಾತೇ ಇಲ್ಲ ಅಲ್ವಾ. ಮೊದಲೆಲ್ಲ ಮನೆಯ ಹಿತ್ತಿಲಲ್ಲಿ ಚಪ್ಪರ ಹಾಕಿ, ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಅಡಿಗೆ ಆಗುತ್ತಿತ್ತು. ಈಗ ಎಲ್ಲಿ ಹೋದರೂ ಕಲ್ಯಾಣ ಮಂಟಪ, ಗ್ರಾನೈಟು, ಟೈಲ್ಸು. ನೋಡಲು ಚೆಂದ. ಕಾಲಿಗೆ ಮಾತ್ರ ಬಂಡೆ.

ನೋವು ಶುರುವಾದದ್ದು ಬಲಗಾಲಿನ ಹಿಮ್ಮಡಿಯಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಊರಿದರೆ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟ ಹಾಗೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು. ಹತ್ತಿಪ್ಪತ್ತು ಹೆಜ್ಜೆ ಆದ ಮೇಲೆ ಸ್ವಲ್ಪ ಸಡಿಲ. ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ ಕಥೆ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತಿದೆ. ಎಣ್ಣೆ ಹಚ್ಚಿದೆ. ಡಾಕ್ಟ್ರ ಹತ್ತಿರ ಮಾತ್ರ ಹೋಗಲಿಲ್ಲ. ಸೀಸನ್ ಮುಗಿಯಲಿ, ನೋಡೋಣ ಅಂತ.

ಅಷ್ಟರಲ್ಲಿ ಆ ಶಿಬಿರ ಬಂತು. ಪೇಟೆಯ ಒಂದು ಬಾಡಿಗೆ ಹಾಲ್. ಆಯಿಯನ್ನೂ, ಅಂದರೆ ನನ್ನ ತಾಯಿಯನ್ನೂ, ಕರೆದುಕೊಂಡು ಹೋದೆ. ಅವಳಿಗೆ ಹದಿನೈದು ವರ್ಷದಿಂದ ಶುಗರ್, ಪಾದ ಜೋಮು ಹಿಡಿದ ಹಾಗೆ ಇರುತ್ತದೆ ಅನ್ನುತ್ತಿದ್ದಳು. ಬಿಳಿ ಕೋಟು ಹಾಕಿದ ಇಬ್ಬರು ಹುಡುಗರು. ಡಾಕ್ಟರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಗಾಜಿನ ಹಲಗೆಯ ಮೇಲೆ ನಿಲ್ಲಿಸಿದರು. ಕಂಪ್ಯೂಟರಿನಲ್ಲಿ ನನ್ನ ಪಾದ ಬಂತು. ಸುತ್ತ ನೀಲಿ, ಹಸಿರು, ಹಿಮ್ಮಡಿಯಲ್ಲಿ ಕೆಂಪು.

“ನೋಡಿ ಸರ್, ಇಲ್ಲೇ ಎಲುಬು ಬೆಳೆದಿದೆ. ರಕ್ತ ಓಡಾಡ್ತಾ ಇಲ್ಲ.”

ಕೆಂಪು ಕಂಡರೆ ಯಾರಿಗೆ ಹೆದರಿಕೆ ಆಗುವುದಿಲ್ಲ ಹೇಳಿ. ಸಾಲಿನಲ್ಲಿ ನನಗಿಂತ ಮುಂದಿದ್ದ ನಾಲ್ಕೂ ಜನರ ಹಿಮ್ಮಡಿ ಕೆಂಪಗೇ ಬಂದಿತ್ತು ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಆ ಯಂತ್ರ ತೋರಿಸುವುದು ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ಅಷ್ಟೇ. ನಿಂತ ಮನುಷ್ಯನ ಭಾರ ಹಿಮ್ಮಡಿಯ ಮೇಲೆ ಬೀಳದೆ ಇನ್ನೆಲ್ಲಿ ಬೀಳಬೇಕು? ಎಲುಬು ಬೆಳೆದದ್ದು ಕಾಣಲು ಎಕ್ಸ್‌ರೇ ಬೇಕು.

ಆಮೇಲೆ ಕೈ ಆಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಜೇಬು ಖಾಲಿಯಾದದ್ದು ಇದರಿಂದಲೇ. ಬರಿಗಾಲಲ್ಲಿ ನಿಲ್ಲಿಸಿ, ಒಂದು ಕೈ ಅಡ್ಡಕ್ಕೆ ಚಾಚಿಸಿ, ಹುಡುಗ ಎರಡು ಬೆರಳಲ್ಲಿ ಮುಂಗೈ ಒತ್ತಿದ. ನಾನು ವಾಲಿ ಹೋದೆ. ಐವತ್ತು ಕೇಜಿ ಅಕ್ಕಿಮೂಟೆ ಎತ್ತುವ ನಾನು! ಆಮೇಲೆ ಕಾಲಡಿಗೆ ಅವರ ಮ್ಯಾಗ್ನೆಟ್ ಇನ್‌ಸೋಲ್, ಅಂದರೆ ಬೂಟಿನೊಳಗೆ ಹಾಸುವ ಅಟ್ಟೆ, ಇಟ್ಟರು. ಮತ್ತೆ ಒತ್ತಿದ. ಈ ಸಲ ಅಲುಗಾಡಲಿಲ್ಲ. ಅವನು ನನ್ನ ಕೈಗೆ ಜೋತು ಬಿದ್ದರೂ ನಾನು ಕಂಬದ ಹಾಗೆ ನಿಂತೆ. ಹಾಲಿನಲ್ಲಿದ್ದವರೆಲ್ಲ ಹೋ ಅಂದರು.

ತಿಂಗಳುಗಳಾದ ಮೇಲೆ ತಂಗಿಯ ಮಗ ಬಂದಾಗ ಇದನ್ನು ಹೇಳಿದೆ. ಅವನು ನಕ್ಕ. “ಮಾವ, ಅದು ಹಳೇ ಆಟ” ಅಂದವನೇ ಅಂಗಳದಲ್ಲಿ ನಿಲ್ಲಿಸಿ ಮಾಡಿ ತೋರಿಸಿದ. ಕೈಯನ್ನು ಮೈಯಿಂದ ಒಂಚೂರು ಹೊರಕ್ಕೆ ಎಳೆಯುವ ಹಾಗೆ ಒತ್ತಿದರೆ ಎಂಥವನೂ ವಾಲುತ್ತಾನೆ. ಅದೇ ಕೈಯನ್ನು ಮೈ ಕಡೆಗೆ, ಪಾದದತ್ತ ಒತ್ತಿದರೆ ಭಾರ ನೆಟ್ಟಗೆ ಕಾಲಿಗೆ ಇಳಿಯುತ್ತದೆ, ವಾಲುವುದಿಲ್ಲ. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತದೆ. ನನ್ನ ಕಾಲಡಿಗೆ ಒಣ ಅಡಿಕೆ ಹಾಳೆ ಇಟ್ಟು ಮಾಡಿದ, ಅದಕ್ಕೂ ‘ಶಕ್ತಿ’ ಬಂತು. ಪವರ್ ಬ್ಯಾಲೆನ್ಸ್ ಅಂತ ಒಂದು ರಬ್ಬರ್ ಕೈಪಟ್ಟಿ ಇತ್ತಂತೆ, ದೊಡ್ಡ ದೊಡ್ಡ ಆಟಗಾರರು ಕಟ್ಟಿಕೊಳ್ಳುತ್ತಿದ್ದದ್ದು. ಅದನ್ನು ಮಾರುವವರೂ ಇಂಥದ್ದೇ ಆಟ ತೋರಿಸುತ್ತಿದ್ದರಂತೆ. 2010ರ ಕೊನೆಗೆ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಹಿಡಿದು ಕೂರಿಸಿದಾಗ, ನಮ್ಮ ಮಾತಿಗೆ ನಂಬುವಂಥ ವೈಜ್ಞಾನಿಕ ಆಧಾರ ಇಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು.

ನನಗೆ 6,500 ರೂಪಾಯಿಯ ಇನ್‌ಸೋಲ್, ಆಯಿಗೆ 2,800 ರೂಪಾಯಿಯ ಆಕ್ಯುಪ್ರೆಶರ್ ಚಪ್ಪಲಿ. ಮೈತುಂಬ ಗಟ್ಟಿ ರಬ್ಬರಿನ ಮೊಳೆ. ಮನೆಗೆ ಬಂದು ಮೆಟ್ಟಿ ನೋಡಿದವಳೇ ಆಯಿ ಮುಖ ಕಿವುಚಿದಳು.

“ತಮಾ, ಇದೆಂತದಾ, ಮುಳ್ಳಾವಿಗೆ ಇದ್ದಂಗೆ ಇದ್ದು?”

“ರಕ್ತ ಓಡಾಡ್ತಡ ಆಯಿ, ಹಾಕ್ಯ” ಅಂದೆ. ನಾನೇ ಅಂದದ್ದು.

ನನ್ನ ಕಥೆ ಮೊದಲು ಮುಗಿಸುತ್ತೇನೆ. ಇನ್‌ಸೋಲ್ ಹಾಕಿದ ವಾರಕ್ಕೆ ನೋವು ಹೆಚ್ಚಾಯಿತು. ಫೋನ್ ಮಾಡಿದೆ. “ಮೊದಲು ನೋವು ಜಾಸ್ತಿ ಆಗ್ಬೇಕು ಸರ್, ವಿಷ ಹೊರಗೆ ಹೋಗ್ತಾ ಇದೆ, ಮೂರು ತಿಂಗಳು ಬಿಡಬೇಡಿ” ಅಂದರು. ಈ ಮಾತನ್ನು ಯಾರೇ ಹೇಳಲಿ, ಅಲ್ಲಿಂದ ಎದ್ದು ಬನ್ನಿ. ಕಡಿಮೆಯಾದರೆ ಅವರ ಮಾಲಿನಿಂದ, ಹೆಚ್ಚಾದರೂ ಅವರ ಮಾಲು ಕೆಲಸ ಮಾಡುತ್ತಿದೆ! ಹೀಗೆ ಮೂರು ತಿಂಗಳು ಕುಂಟಿದೆ. ಇನ್ನೊಂದು ನಗು ಬರುವ ಸಂಗತಿ. ದಿನಕ್ಕೆ ಹತ್ತು ತಾಸು ಬರಿಗಾಲಲ್ಲಿ ನಿಲ್ಲುವ ಮನುಷ್ಯನಿಗೆ ಬೂಟಿನೊಳಗೆ ಇಡುವ ಇನ್‌ಸೋಲ್ ಯಾವ ಕರ್ಮಕ್ಕೆ? ಏನು ಕೆಲಸ ಮಾಡುತ್ತೀರಿ ಅಂತ ಅವರು ಕೇಳಲೇ ಇಲ್ಲ. ನನಗೂ ಹೊಳೆಯಲಿಲ್ಲ.

ಈಗ ಆಯಿಯ ವಿಷಯ. ಒಂದು ಸಂಜೆ ಜಗುಲಿ ಒರೆಸುವಾಗ ಹೆಂಡತಿ ಕರೆದಳು. ಕೆಂಪು ಗಾರೆ ನೆಲದಲ್ಲಿ ಒದ್ದೆ ಕಲೆ, ಹೆಜ್ಜೆಗೊಂದರಂತೆ, ದೇವರ ಕೋಣೆ ತನಕ. ಒರೆಸಿದ ಬಟ್ಟೆಗೆ ರಕ್ತ. ಆಯಿಯ ಕಾಲು ಎತ್ತಿ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ನಾಲ್ಕಾಣೆ ಅಗಲದ ಬೊಕ್ಕೆ ಒಡೆದು ಹುಣ್ಣಾಗಿದೆ. “ನೋವೇ ಇಲ್ಯಲ” ಅಂದಳು ಆಯಿ. ಅದೇ ಹೆದರಿಕೆಯ ವಿಷಯ ಅಂತ ಮರುದಿನ ಗೊತ್ತಾಯಿತು.

ಕುಮಟಾದಲ್ಲಿ ಡಾಕ್ಟ್ರು ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದರು. ಆಯಿಗೆ ಕಣ್ಣು ಮುಚ್ಚಿಸಿ ಪಾದದ ಅಲ್ಲಲ್ಲಿ ಅದನ್ನು ಬಾಗುವಷ್ಟು ಒತ್ತುತ್ತಾ, “ಮುಟ್ಟಿದ್ದು ಗೊತ್ತಾಗ್ತದಾ ಅಮ್ಮಾ?” ಅಂತ ಕೇಳುತ್ತಾ ಹೋದರು. ಹತ್ತು ಕಡೆ ಮುಟ್ಟಿದರೆ ಮೂರು ಕಡೆ ಮಾತ್ರ ಹೂಂ ಅಂದಳು. ಶುಗರ್ ಹಳೆಯದಾದಂತೆ ಪಾದದ ನರಗಳು ಸೋಲುತ್ತವೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಅಂಥ ಪಾದದ ಕೆಳಗೆ ಮೊಳೆ ಚಪ್ಪಲಿ ಕೊಟ್ಟರೆ ಒಂದೇ ಜಾಗ ದಿನವಿಡೀ ಒತ್ತಿ ಒತ್ತಿ ಒಳಗೇ ಕೊಳೆಯುತ್ತದೆ. ಶುಗರ್ ಇದ್ದವರು ಬೆರಳು, ಕಾಲು ಕಳೆದುಕೊಳ್ಳುವುದು ಎಷ್ಟೋ ಸಲ ಇಂಥದ್ದೇ ಸಣ್ಣ ಹುಣ್ಣಿನಿಂದ. ಆಯಿಯ ಹುಣ್ಣು ಮಾಯಲು ಎರಡೂವರೆ ತಿಂಗಳು ಬೇಕಾಯಿತು. ಒಂದು ದಿನ ಬಿಟ್ಟು ಒಂದು ದಿನ ಡ್ರೆಸ್ಸಿಂಗ್. ಈಗ ಅವಳು ಮನೆಯೊಳಗೂ ಎಂಸಿಆರ್ ಚಪ್ಪಲಿ ಹಾಕುತ್ತಾಳೆ. ಮೆತ್ತಗಿನ ಕಪ್ಪು ರಬ್ಬರು, ಹಿಂದೆ ಪಟ್ಟಿ, ಬೆಲೆ 650. ರಾತ್ರಿ ಹೆಂಡತಿ ಅವಳ ಪಾದ ತಿರುಗಿಸಿ ಬ್ಯಾಟರಿ ಬಿಟ್ಟು ನೋಡುತ್ತಾಳೆ. ಚಪ್ಪಲಿಯೊಳಗೂ ಕೈಯಾಡಿಸುತ್ತಾಳೆ, ಕಲ್ಲುಗಿಲ್ಲು ಇದೆಯೋ ಅಂತ.

ಹೋದದ್ದು ಆಯಿಗೆ ಅಂತ. ನಾನು ಕುಂಟುವುದನ್ನು ಡಾಕ್ಟ್ರೇ ನೋಡಿ, “ನಿಮ್ಮ ಕಾಲೂ ತೋರ್ಸಿ ಭಟ್ರೇ” ಅಂದರು. ಹಿಮ್ಮಡಿಯ ಒಳಬದಿಯಲ್ಲಿ ಹೆಬ್ಬೆರಳಿಂದ ಒತ್ತಿದ್ದೇ ಜೀವ ಬಾಯಿಗೆ ಬಂತು. ಪ್ಲಾಂಟರ್ ಫೇಶಿಯೈಟಿಸ್ ಅಂದರು. ಹಿಮ್ಮಡಿ ಎಲುಬಿನಿಂದ ಕಾಲ್ಬೆರಳ ತನಕ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಬಿಲ್ಲಿನ ಹೆದೆಯ ಹಾಗೆ. ಗಟ್ಟಿ ನೆಲದಲ್ಲಿ ನಿಂತು ನಿಂತು ಅದು ಹಿಮ್ಮಡಿಗೆ ಅಂಟಿಕೊಂಡಲ್ಲಿ ಸವೆಯುತ್ತದೆ. ರಾತ್ರಿ ಮಲಗಿದಾಗ ಬಿಗಿದುಕೊಳ್ಳುತ್ತದೆ, ಬೆಳಿಗ್ಗೆ ಹೆಜ್ಜೆ ಊರಿದ ಕೂಡಲೇ ಜಗ್ಗುತ್ತದೆ. ಎಲುಬು ಬೆಳೆದಿದೆಯಂತಲ್ಲ ಅಂದೆ. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಇರುತ್ತದೆ, ಅದನ್ನು ನೋಡಿ ಹೆದರಬೇಡಿ ಅಂದರು. ಮ್ಯಾಗ್ನೆಟ್ ಅಂದಾಗ ಸುಮ್ನೆ ತಲೆ ಅಲ್ಲಾಡಿಸಿದರು. 2003ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಇದೇ ಹಿಮ್ಮಡಿ ನೋವಿನ 101 ಜನರಿಗೆ, ಕೆಲವರಿಗೆ ನಿಜವಾದ ಮ್ಯಾಗ್ನೆಟ್, ಕೆಲವರಿಗೆ ಸುಳ್ಳು ಮ್ಯಾಗ್ನೆಟ್ ಇರುವ ಇನ್‌ಸೋಲ್ ಕೊಟ್ಟು ನೋಡಿದ್ದಾರಂತೆ. ಎಂಟು ವಾರ ಆದ ಮೇಲೂ ಎರಡು ಗುಂಪಿಗೂ ಏನೂ ವ್ಯತ್ಯಾಸ ಇಲ್ಲ.

ಇಂಜೆಕ್ಷನ್ ಕೊಡಿ, ಮುಂದಿನ ವಾರ ಮದುವೆ ಇದೆ ಅಂತ ನಾನೇ ಕೇಳಿದೆ. ಕೊಡಬಹುದು, ಕೆಲವು ವಾರ ಹಾಯಾಗಿರುತ್ತದೆ, ಆದರೆ ಆ ಪಟ್ಟಿಯೇ ಹರಿಯುವ ಅಪಾಯವೂ ಇದೆ, ಮೊದಲು ಬೇರೆಯದು ಮಾಡಿ ನೋಡಿ ಅಂದರು. ಬೇರೆಯದು ಅಂದರೆ ಇಷ್ಟೇ. ಬೆಳಿಗ್ಗೆ ಕಾಲು ಕೆಳಗಿಡುವ ಮೊದಲೇ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ, ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆಯುವುದು. ಅಂಗಾಲು ತಂತಿಯ ಹಾಗೆ ಬಿಗಿಯಬೇಕು. ಹತ್ತು ಎಣಿಸಿ ಬಿಡುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವುದು. ಸಂಜೆ ನೀರಿನ ಬಾಟಲಿ ಫ್ರೀಜರಿನಲ್ಲಿಟ್ಟು ಅದರ ಮೇಲೆ ಅಂಗಾಲು ಉರುಳಿಸುವುದು. (ಆಯಿಯ ಹಾಗೆ ಸ್ಪರ್ಶ ಹೋದವರು ಇದನ್ನು ಮಾಡಬಾರದು.) ಮತ್ತೆ, ಗಟ್ಟಿ ನೆಲದ ಮೇಲೆ ಬರಿಗಾಲು ಬೇಡವೇ ಬೇಡ.

ಈ ಕೊನೆಯದೇ ಕಷ್ಟ. ಅಡಿಗೆಮನೆಗೆ ಅಂತಲೇ ಹೊಸ ಚಪ್ಪಲಿ ತಂದೆ, ಹೊರಗಿನ ಮಣ್ಣು ಒಂದು ದಿನವೂ ಮುಟ್ಟಿಲ್ಲ. ಆದರೂ ಮೊದಲ ಮನೆಯಲ್ಲೇ ಯಜಮಾನರು, “ಭಟ್ರೇ, ಎಂತ ಚಪ್ಪಲಿ ಹಾಕ್ಕಂಡು ಅಡಿಗೆ ಮಾಡ್ತ್ರಾ?” ಅಂದರು. ಹಿಮ್ಮಡಿ ತೋರಿಸಿ ವಿವರಿಸಿದೆ. ಕೆಲವರು ಒಪ್ಪುತ್ತಾರೆ. ಒಪ್ಪದ ಕಡೆ ಒಲೆ ಮುಂದೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿ ನಿಲ್ಲುತ್ತೇನೆ. ನೈವೇದ್ಯ ತೆಗೆಯುವಾಗ ಹೇಗೂ ಚಪ್ಪಲಿ ಬಿಡುತ್ತೇನೆ. ದೇವರಿಗೆ ನನ್ನ ಹಿಮ್ಮಡಿ ಗೊತ್ತಿದೆ, ಬೀಗರಿಗೆ ತಿಳಿಸುವುದು ಕಷ್ಟ.

ಅಂಗಡಿಯಲ್ಲಿ ಚಪ್ಪಲಿ ಆರಿಸುವಾಗ ನಾನು ಮಾಡುವುದು: ಸಂಜೆಯೇ ಹೋಗುತ್ತೇನೆ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಎರಡೂ ತುದಿ ಹಿಡಿದು ಮಡಚುತ್ತೇನೆ. ಬೆರಳಿನ ಬುಡದಲ್ಲಿ ಮಡಚಬೇಕು, ನಡುವೆ ನೀರುದೋಸೆ ಹಾಗೆ ಮಡಚಿದರೆ ಬೇಡ. ಬಟ್ಟೆ ಹಿಂಡುವ ಹಾಗೆ ತಿರುಚುತ್ತೇನೆ, ತಿರುಚಿಕೊಂಡರೂ ಬೇಡ. ಹಿಮ್ಮಡಿ ಬೆರಳಿಗಿಂತ ಒಂಚೂರು ಎತ್ತರ ಇರಬೇಕು, ಪಾದದ ಗುಳಿಗೆ ಆಸರೆ ಇರಬೇಕು, ಹಿಂದೆ ಪಟ್ಟಿ ಇರಬೇಕು. ಹವಾಯಿ ಚಪ್ಪಲಿಯಲ್ಲಿ ಇದರಲ್ಲಿ ಒಂದೂ ಇಲ್ಲ, ಜಾರದಂತೆ ಬೆರಳಲ್ಲಿ ಕಚ್ಚಿ ಹಿಡಿಯುವುದೇ ಕೆಲಸ. ಚರ್ಮದ್ದು ತಂದರೆ ನಮ್ಮ ಮಳೆಗಾಲಕ್ಕೆ ವಾರದಲ್ಲಿ ಬೂಸ್ಟು. ಇನ್‌ಸೋಲ್ ಬೇಕೇ ಬೇಕಾದರೆ ಅಂಗಡಿಯಲ್ಲಿ ಸಿಗುವ ಸಾದಾ ರೆಡಿಮೇಡ್ ಸಾಕು, ಈ ನೋವಿಗೆ ಅಳತೆ ಕೊಟ್ಟು ಮಾಡಿಸಿದ್ದರಿಂದ ಹೆಚ್ಚೇನೂ ಲಾಭ ಇಲ್ಲ ಅಂದರು ಡಾಕ್ಟ್ರು. ಒಂದೇ ವಾರದಲ್ಲಿ ಕಡಿಮೆ ಆಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಬೆಳಗಿನ ಮೊದಲ ಹೆಜ್ಜೆಗೆ ಗೋಡೆ ಹಿಡಿಯುವುದು ನಿಂತದ್ದು ಐದನೇ ತಿಂಗಳಿಗೆ.

ದುಡ್ಡು ವಾಪಸ್ ಕೇಳೋಣ ಅಂತ ಬಿಲ್ ತೆಗೆದೆ. ಬಿಲ್ಲಲ್ಲ ಅದು, ಬಣ್ಣದ ಚೀಟಿ. ವಿಳಾಸ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಫೋನ್ ಸ್ವಿಚ್ ಆಫ್. ಗ್ರಾಹಕರ ಸಹಾಯವಾಣಿ 1915 ಇದೆ, ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ, ಎರಡು ವರ್ಷದ ತನಕ ಸಮಯವೂ ಇದೆ. ಆದರೆ ದೂರು ಯಾರ ಮೇಲೆ, ಯಾವ ಊರಿನವರ ಮೇಲೆ ಅಂತ ಬರೆಯಲಿ? ಹಾಲ್ ಮಾಲೀಕರನ್ನು ಕೇಳಿದರೆ, ನಗದು ಕೊಟ್ಟು ಮೂರು ದಿನಕ್ಕೆ ಬಾಡಿಗೆ ಹಿಡಿದಿದ್ದರು, ಅಷ್ಟೇ ಗೊತ್ತು ಅಂದರು.

ಯಲ್ಲಾಪುರದ ಫ್ಲೆಕ್ಸಿನಲ್ಲೂ ವಿಳಾಸ ಇರಲಿಲ್ಲ, ಮೊಬೈಲ್ ನಂಬರ್ ಮಾತ್ರ. ಉಪನಯನದ ಮನೆಯಲ್ಲಿ ಬಡಿಸಲು ಬಂದಿದ್ದ ಇಬ್ಬರು ಮಧ್ಯಾಹ್ನ ಅಲ್ಲಿಗೇ ಹೊರಟಿದ್ದರು, ಒಬ್ಬರಿಗೆ ಶುಗರ್. ಕೂರಿಸಿಕೊಂಡು ಆಯಿಯ ಕಾಲಿನ ಫೋಟೋ ತೋರಿಸಿದೆ. ಒಬ್ಬರು ಹೋಗಲಿಲ್ಲ. ಇನ್ನೊಬ್ಬರು, “ಸುಮ್ನೆ ನೋಡ್ಕಂಡು ಬರ್ತಿ” ಅಂತ ಹೋದರು.